ಆಯಿಗೆ ಥಂಡಿ ಹತ್ತಿದ ದಿನ

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನಲ್ಲ, ಮೊನ್ನೆಯ ಬೇಸಿಗೆಯಲ್ಲೇ, ಭಾಂಡುಪ್ ಎಂಬ ಊರಿನಲ್ಲಿ ಒಂದು ಬಿಳಿ ರಥವಿತ್ತು. ಕುದುರೆ ಇರಲಿಲ್ಲ, ನಾಲ್ಕು ಗಾಲಿ ಇದ್ದವು. ರಥದ ಹೊಟ್ಟೆಯೊಳಗೆ ತಂಪುಗಾಳಿ ಎಂಬ ರಾಜಕುಮಾರಿ ವಾಸವಾಗಿದ್ದಳು. ಗುಂಡಿ ಒತ್ತಿದರೆ ಸಾಕು, ಜಾಲಂದ್ರಕ್ಕೆ ಬಂದು ಹಾಡುತ್ತಿದ್ದಳು. ಒಂದು ದಿನ ಅವಳನ್ನು ಯಾರೋ ಕೂಡಿಹಾಕಿಬಿಟ್ಟರು. ಯಾರು, ಎಲ್ಲಿ ಎಂದು ರಥದ ಒಡೆಯನಿಗೇ ತಿಳಿಯಲಿಲ್ಲ.

ಆ ಒಡೆಯನ ಹೆಸರು ಶ್ರೀಮಂತ. ಕಲಬುರಗಿ ಕಡೆಯವನು. ಹನ್ನೊಂದು ವರ್ಷ ಬೇರೆಯವರ ಟ್ಯಾಕ್ಸಿ ಓಡಿಸಿ ಈಗ ಸ್ವಂತದ್ದು ಕೊಂಡಿದ್ದ. ಅವನ ಚಾಳ್‌ನ ಪಕ್ಕದ ಕೋಣೆಯಲ್ಲಿ ಇಂದ್ರಾಬಾಯಿ ಎಂಬ ಅಜ್ಜಿ ಇದ್ದಳು. ಸ್ಟೇಷನ್ ಮೆಟ್ಟಿಲ ಬಳಿ ಕೂತು ಹೂವು ಮಾರುವವಳು. ಅವಳಿಗೆ ಶ್ರೀಮಂತ ಒಂದು ಮಾತು ಕೊಟ್ಟಿದ್ದ.

"ಆಯಿ, ನನ್ನ ಸ್ವಂತ ಗಾಡಿ ಬರ್ಲಿ. ಸುಡು ಬಿಸಲಾಗ ನಿನ್ನ ಸಮುದ್ರ ನೋಡ್ಲಿಕ್ಕ ಚೌಪಾಟಿಗೆ ಕರ್ಕೊಂಡ್ ಹೋಗ್ತೀನಿ. ಒಳಗ ಎಂಥಾ ಥಂಡಿ ಅಂತಿ, ಶಾಲು ಹೊದ್ಕೋಬೇಕು ನೀ!"

ಇಂದ್ರಾಬಾಯಿ ಆ ಮಾತನ್ನು ನಂಬಿದಳು. ಮದುವೆಯಲ್ಲಿ ಬಂದ ಹಸಿರು ಶಾಲನ್ನು ಟ್ರಂಕಿನಿಂದ ತೆಗೆದು ಕೈಚೀಲದಲ್ಲಿಟ್ಟಳು. ಗಾಡಿ ಬಂದ ದಿನದಿಂದ ತಪ್ಪದೆ ಬೆಳಿಗ್ಗೆ ಒಂದು ಚೆಂಡುಹೂವಿನ ಮಾಲೆ ಕಟ್ಟಿ ತಂದು, ಮುಂದಿನ ಗಾಜಿನ ಕೆಳಗೆ ವೈಪರ್‌ಗಳ ಮೇಲೆ ಹಾಸಿ ಕೈಮುಗಿಯುತ್ತಿದ್ದಳು.

ಆದರೆ ಒಂದು ಭಾನುವಾರ ಅವಳನ್ನು ಕೂರಿಸಿಕೊಂಡು ಹೊರಟರೆ, ಘಾಟ್ಕೋಪರ್ ದಾಟುವ ಹೊತ್ತಿಗೇ ಗಾಡಿಯೊಳಗೆ ಇಡ್ಲಿ ಬೇಯುವಷ್ಟು ಸೆಖೆ.

"ತಂಪ ಅದ ತಮ್ಮಾ, ಭಾಳ ತಂಪ ಅದ" ಎಂದಳು ಇಂದ್ರಾಬಾಯಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ.

ಶ್ರೀಮಂತ ಅದನ್ನು ಕನ್ನಡಿಯಲ್ಲಿ ಕಂಡ. ಮನೆ ಕಡೆ ಗಾಡಿ ತಿರುಗಿಸಿದ. ಗುರುವಾರ ಆಯಿಯ ಮಗಳು ಬಂದು ಅವಳನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುವವಳಿದ್ದಳು. ಇನ್ನು ಅಲ್ಲೇ ಇರುವುದು. ಮಾತು ಉಳಿಸಿಕೊಳ್ಳಲು ನಾಲ್ಕೇ ದಿನ.

"ನಾಳೆ ಮತ್ತ ಎ.ಸಿ. ಗ್ಯಾಸ್ ತುಂಬಸ್ತೀನಿ" ಎಂದ ಮನೆಗೆ ಬಂದು, ಹೆಂಡತಿ ಮಹಾದೇವಿಯ ಮುಂದೆ.

"ಎರಡು ಸರ್ತಿ ತುಂಬಿಸೀರಲ್ರಿ. ಅದೆಲ್ಲಿ ಹೋತು?"

"ಓಡ್ಸಿದಂಗ ಖರ್ಚಾಗ್ತದ. ಪೆಟ್ರೋಲ್ ಇದ್ದಂಗ."

"ನಮ್ಮ ಫ್ರಿಜ್ಜಿಗೆ ಆರು ವರ್ಷದಿಂದ ಗ್ಯಾಸ್ ತುಂಬಿಸಿಲ್ಲ. ಅದು ಹ್ಯಾಂಗ ತಂಪ ಮಾಡ್ತದ?"

"ಫ್ರಿಜ್ ಏನ್ ಹೈವೇ ಮ್ಯಾಲ ಓಡ್ತದೇನು?" ಎಂದ ಶ್ರೀಮಂತ. ಆದರೆ ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು.

ಮಹಾದೇವಿ ಬಿಡಲಿಲ್ಲ. ಬೈಕುಲ್ಲಾದಲ್ಲಿ ಕೊರಗಣ್ಣನೆಂಬ ಎ.ಸಿ. ಮೆಕ್ಯಾನಿಕ್ ಇದ್ದಾನೆ, ಮಂಗಳೂರು ಕಡೆಯವನು, ನೋಡದೆ ಗ್ಯಾಸ್ ಮುಟ್ಟುವುದಿಲ್ಲ ಎಂದು ಅವಳ ಸಂಘದ ಹೆಂಗಸರು ಹೇಳಿದ್ದರು. ಸೋಮವಾರ, ಮಂಗಳವಾರ ಕೊರಗಣ್ಣನಿಗೆ ಪುರುಸೊತ್ತಿರಲಿಲ್ಲ. ಬುಧವಾರ ಮಧ್ಯಾಹ್ನ ಮೂವರೂ ಹೊರಟರು. ಇಂದ್ರಾಬಾಯಿಯ ಮಡಿಲಲ್ಲಿ ಶಾಲಿನ ಚೀಲ.

ಕೊರಗಣ್ಣ ಮೊದಲು ಒಳಗೆ ಬಗ್ಗಿ ಗುಂಡಿಗಳನ್ನು ನೋಡಿದ.

"ಕೆಂಪು ಬದಿಗೆ ತಿರುಗಿದೆಯಾ ಅಂತ ನೋಡುವಾ."

"ಅಣ್ಣಾ, ಹನ್ನೊಂದ ವರ್ಷದ ಡ್ರೈವರ್ ನಾ. ಅಷ್ಟೂ ತಿಳಿಯಂಗಿಲ್ಲೇನು?"

"ಹೋದ ವಾರ ಇಪ್ಪತ್ತು ವರ್ಷದ ಡ್ರೈವರ್ ಒಬ್ಬ ಹೀಟರ್ ಹಾಕಿಕೊಂಡೇ ಬಂದಿದ್ದ ಮಾರಾಯ. ಬೇಜಾರು ಮಾಡಬೇಡ. ಈಗ ಹೇಳು, ಗಾಳಿ ಕಡಿಮೆಯಾ, ತಂಪು ಕಡಿಮೆಯಾ?"

"ಎರಡೂ ಒಂದೇ ಅಲ್ಲೇನ್ರಿ?"

"ಅಲ್ಲ. ಎರಡು ಬೇರೆ ಬೇರೆ ಕಾಯಿಲೆ." ಕೊರಗಣ್ಣ ಇಂದ್ರಾಬಾಯಿಯ ಕಡೆ ತಿರುಗಿದ. "ಅಜ್ಜೀ, ಹೂವು ಕಟ್ಟುವ ದಾರ ಉಂಟಾ?"

ಅವಳ ಸೊಂಟದ ಚೀಲದಲ್ಲಿ ದಾರ ಇಲ್ಲದ ದಿನವೇ ಇರಲಿಲ್ಲ. ಕೊರಗಣ್ಣ ಒಂದು ಗೇಣು ದಾರವನ್ನು ಗಾಳಿ ಬರುವ ಜಾಲಂದ್ರದ ಮುಂದೆ ಹಿಡಿದು ಫ್ಯಾನ್ ಜೋರು ಮಾಡಿದ. ಒಳಗೆ ಸದ್ದು ಭೋರೆಂದಿತು. ದಾರ ಮಾತ್ರ ನಿದ್ದೆಗಣ್ಣಿನವರ ಹಾಗೆ ಒಮ್ಮೆ ಅಲುಗಿ ಸುಮ್ಮನಾಯಿತು.

"ನೋಡಿ. ಫ್ಯಾನ್ ತಿರುಗ್ತಾ ಉಂಟು, ಗಾಳಿ ಬರ್ತಾ ಇಲ್ಲ. ದಾರಿಯಲ್ಲಿ ಏನೋ ಅಡ್ಡ ಕೂತಿದೆ. ಇದಕ್ಕೆ ಗ್ಯಾಸ್ ತುಂಬಿಸಿದರೆ ಎಂತ ಆಗ್ತದೆ?"

"ಏನೂ ಆಗಂಗಿಲ್ಲ" ಎಂದಳು ಮಹಾದೇವಿ, ಗಂಡನ ಕಡೆ ನೋಡುತ್ತ.

ಕೊರಗಣ್ಣ ಮುಂದಿನ ಸೀಟಿನೆದುರಿನ ಡಬ್ಬಿಯನ್ನು ಕಳಚಿದ. ಅದರ ಹಿಂದಿನಿಂದ ಗಾಳಿ ಸೋಸುವ, ಪುಸ್ತಕದಷ್ಟು ದಪ್ಪದ ಒಂದು ಫಿಲ್ಟರ್ ಎಳೆದ. ಎಳೆದ ಕೂಡಲೆ ಅವನ ಮಡಿಲ ತುಂಬ ಒಣಗಿದ ಹಳದಿ ಎಸಳುಗಳು ಉದುರಿದವು. ಧೂಳಿನ ಜೊತೆ ಸೇರಿ ಚಾಪೆಯ ಹಾಗೆ ಹೆಣೆದುಕೊಂಡಿದ್ದವು.

"ಇದೆಂತ, ಗಾಡಿಯೊಳಗೆ ತೋಟ ಮಾಡಿದ್ದೀಯಾ?"

ಇಂದ್ರಾಬಾಯಿ ಒಂದು ಎಸಳನ್ನು ಎತ್ತಿ ಮೂಸಿದಳು.

"ಅಯ್ಯ ಶಿವನೇ. ನಂದೇ ಹೂವು! ತಮ್ಮಾ, ನಿನ್ನ ಗಾಡಿ ನಾನೇ ಕೆಡಿಸಿದ್ನೋ..."

"ಹಂಗನಬ್ಯಾಡ ಆಯಿ" ಎಂದ ಶ್ರೀಮಂತ. "ನಿನ್ನ ಹೂವು ನೋಡಿದ್ರ ನನಗ ಧೈರ್ಯ ಬರ್ತಿತ್ತು."

"ಹೂವಿನ ತಪ್ಪಲ್ಲ ಅಜ್ಜೀ, ಜಾಗದ ತಪ್ಪು." ಕೊರಗಣ್ಣ ವೈಪರ್ ಕೆಳಗಿನ ಕಪ್ಪು ಜಾಲರಿ ತೋರಿಸಿದ. "ಹೊರಗಿನ ಗಾಳಿ ಒಳಗೆ ಹೋಗುವ ಬಾಯಿ ಇದು. ದಿನಾ ಎಸಳು ಬಿದ್ದು ಬಾಯಿ ಮುಚ್ಚಿದೆ. ಇನ್ನು ಮೇಲೆ ಒಳಗೆ ದೇವರ ಪಟಕ್ಕೆ ಒಂದೇ ಹೂವು. ಸಂಜೆ ತೆಗೆಯಬೇಕು, ಗೊತ್ತಾಯ್ತಾ?"

ಹೊಸ ಫಿಲ್ಟರ್ ಹಾಕಿ, ಜಾಲರಿ ಸ್ವಚ್ಛ ಮಾಡಿ, ದಾರ ಹಿಡಿದರೆ ಅದು ನೆಟ್ಟಗೆ ನಿಂತು ಪಟಪಟ ಬಡಿದುಕೊಂಡಿತು. ಆದರೂ ತಂಪು ಸಾಲದು. ಆಗ ಕೊರಗಣ್ಣ ಎರಡು ಗಡಿಯಾರಗಳಂಥ ಮೀಟರನ್ನು ಪೈಪಿಗೆ ಜೋಡಿಸಿದ.

"ಇಲ್ಲಿ ನೋಡು. ಗ್ಯಾಸ್ ಕಡಿಮೆ ಅಲ್ಲ, ಹೆಚ್ಚು! ಅಳತೆ ನೋಡದೆ ಮೇಲಿಂದ ಮೇಲೆ ತುಂಬಿಸಿದ್ದಾರೆ. ಹೊಟ್ಟೆ ಬಿರಿಯುವಷ್ಟು ಉಂಡವ ಕೆಲಸ ಮಾಡ್ತಾನಾ?"

"ಅಂದ್ರ ಗ್ಯಾಸ್ ಖರ್ಚಾಗಂಗಿಲ್ಲ?"

"ಸೋರಿದರೆ ಮಾತ್ರ ಕಡಿಮೆ ಆಗ್ತದೆ. ಸೋರಿದರೆ ಮೊದಲು ತೂತು ಹುಡುಕಬೇಕು, ಆಮೇಲೆ ಗ್ಯಾಸ್. ಫ್ರಿಜ್ಜಿನ ಹಾಗೇ."

ಮಹಾದೇವಿ ಗಂಡನ ಬೆನ್ನಿಗೆ ಬೆರಳಿನಿಂದ ಮೆಲ್ಲಗೆ ತಿವಿದಳು.

"ಆಯ್ತು ಮಾರಾಯ್ತಿ, ಫ್ರಿಜ್ ಗೆದ್ದಿತು" ಎಂದ ಶ್ರೀಮಂತ, ಕೊರಗಣ್ಣನ ದನಿಯನ್ನೇ ಅಣಕಿಸಿ. ಎಲ್ಲರಿಗೂ ನಗು ತಡೆಯಲಾಗಲಿಲ್ಲ.

ಕೊರಗಣ್ಣ ಯಂತ್ರ ಹಚ್ಚಿ ಹೆಚ್ಚಿನ ಗ್ಯಾಸ್ ಹೊರತೆಗೆದು, ಅಳತೆಗೆ ಸರಿ ಮಾಡಿದ. ಬಿಳಿ ರಥ ಚೌಪಾಟಿಯ ಕಡೆ ಹೊರಟಿತು. ಹೊರಗೆ ಡಾಂಬರು ಕರಗುವ ಬಿಸಿಲು. ಸಿಗ್ನಲ್‌ನಲ್ಲಿ ನಿಂತಾಗ ಗಾಡಿಯ ಕೆಳಗೆ ತೊಟ್ಟುತೊಟ್ಟು ನೀರು.

"ನೀರು ಸೋರ್ಲಿಕ್ಕತ್ತದಲ್ರಿ!" ಎಂದಳು ಮಹಾದೇವಿ.

"ಅದು ಎ.ಸಿ. ನೀರು, ಸೋರಲಿ. ಥಂಡಿ ಮಾಡ್ಲಿಕ್ಕತ್ತದ ಅಂತ ಅರ್ಥ" ಎಂದ ಶ್ರೀಮಂತ, ತಾನೇ ಕಂಡುಹಿಡಿದವನ ಹಾಗೆ.

ಚೌಪಾಟಿ ಬರಲು ಇನ್ನೂ ಎರಡು ಸಿಗ್ನಲ್ ಇದೆ. ಅಷ್ಟರಲ್ಲಿ ನಿಮಗೊಂದು ಮಾತು, ಅಣ್ಣಂದಿರೇ, ಅಕ್ಕಂದಿರೇ. ನಿಮ್ಮ ಗಾಡಿ ತಂಪಾಗದಿದ್ದರೆ ಗ್ಯಾಸ್ ಅಂಗಡಿಗೆ ಓಡಬೇಡಿ. ಒಂದು ದಾರ ಹಿಡಿದು ನೋಡಿ. ಗಾಳಿಯೇ ಕಡಿಮೆ ಇದ್ದರೆ ಫಿಲ್ಟರ್, ಜಾಲರಿ, ಫ್ಯಾನ್ ನೋಡಿಸಿ. ಗಾಳಿ ಜೋರಾಗಿದ್ದು ಬಿಸಿ ಇದ್ದರೆ ಮೀಟರ್ ಹಚ್ಚಿ ನೋಡುವ ಮೆಕ್ಯಾನಿಕ್ ಬಳಿ ಹೋಗಿ, ಎಲ್ಲಿ ಸೋರಿದೆ ಎಂದು ಕೇಳಿ. ಗಾಡಿಯ ಕೆಳಗೆ ತಿಳಿನೀರು ಬಿದ್ದರೆ ಹೆದರಬೇಡಿ. ಒಳಗೆ ಕಾಲಡಿಯ ಚಾಪೆ ಅಂಟಂಟಾಗಿ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಅದು ಹೀಟರಿನ ಸೋರಿಕೆ, ಅದೇ ದಿನ ತೋರಿಸಿ. ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಗೊತ್ತಿಲ್ಲ ಎನ್ನಲು ನಾಚಬೇಡಿ, ಹನ್ನೊಂದು ವರ್ಷದ ಡ್ರೈವರೇ ಕಲಿತನಲ್ಲ.

ಅಗೋ, ಸಮುದ್ರ ಕಾಣಿಸಿತು. ಹಿಂದಿನ ಸೀಟಿನಲ್ಲಿ ಇಂದ್ರಾಬಾಯಿ ಮೊದಲು ಮೊಣಕೈ ಉಜ್ಜಿಕೊಂಡಳು. ಆಮೇಲೆ ಒಂದು ಸೀನು. ಶ್ರೀಮಂತ ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

"ತಮ್ಮಾ" ಎಂದಳು ಅವಳು, ಚೀಲಕ್ಕೆ ಕೈಹಾಕುತ್ತ, "ಈ ಸರ್ತಿ ಸುಳ್ಳಲ್ಲ. ಖರೇನ ಥಂಡಿ ಹತ್ಲಿಕ್ಕತ್ತದ."

ಹಸಿರು ಶಾಲು ಬಿಚ್ಚಿ, ಕಿವಿ ಮುಚ್ಚುವ ಹಾಗೆ ಹೊದ್ದುಕೊಂಡಳು.