ಪ್ರಶ್ನೆಪತ್ರಿಕೆಯನ್ನು ಬೀದಿಗಿಟ್ಟ ಕರಿಬಸಪ್ಪ

ಯಾರು ಏನೇ ಹೇಳಲಿ, ಕರಿಬಸಪ್ಪನವರ ಬಾಯಿಂದ ಮೊದಲು ಬರುವ ಮಾತು ಒಂದೇ: "ಯಾರ್ ಹೇಳಿದ್ದು?" ನಾಳೆ ನಲ್ಲಿಯಲ್ಲಿ ನೀರಿಲ್ಲ ಎಂದರೂ ಅದೇ, ಹಬ್ಬ ಸೋಮವಾರ ಎಂದರೂ ಅದೇ. ದಾವಣಗೆರೆ ಕಡೆಯ ಈ ಮನುಷ್ಯ ಪೀಣ್ಯದ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ದಿನ, ಸಾಮಾನು ಇಳಿಸುವ ಮೊದಲೇ ನೀರೆತ್ತುವ ಮೋಟಾರಿನ ಮುಚ್ಚಳ ಬಿಚ್ಚಿ ಒಳಗೆ ಇಣುಕಿದ್ದರು. ನಡಿಗೆಯೋ, ತಮ್ಮ ಕಾಲುಗಳನ್ನೇ ಹಿಂದೆ ಹಾಕಲು ಹೊರಟವರಂತೆ ಎದೆ ಮುಂದೆ, ಪಾದ ಹಿಂದೆ. ಬೇಸಿಗೆಯಲ್ಲೂ ಬಿಡದ ಕಂದು ಕೋಟು, ಅದರ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಸ್ಕ್ರೂಡ್ರೈವರ್.

ಭಾನುವಾರ ಮಹಡಿಯಲ್ಲಿ ಅವರ ಕಂಪ್ಯೂಟರ್ ಕಸುಬಿನ ಬಳಗ ಸೇರುತ್ತಿತ್ತು. ಕಾಫಿ ಕೊಟ್ಟು ನಾನೂ ಮೂಲೆಯಲ್ಲಿ ಕೂರುತ್ತಿದ್ದೆ. ಹೆಚ್ಚು ಓದಿದವಳಲ್ಲ, ಕೇಳಿ ಕೇಳಿ ಇಷ್ಟು ತಿಳಿಯಿತು: ಕಂಪ್ಯೂಟರನ್ನು ನಡೆಸುವ ಬರಹವನ್ನು ಬಚ್ಚಿಡದೆ ಜಗತ್ತಿನ ಮುಂದೆ ಇಟ್ಟರೆ ಅದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದರಲ್ಲಿ ಪಳಗಿದವರಿಗೆ ಸರ್ಟಿಫಿಕೇಟ್ ಯಾರು ಕೊಡಬೇಕು ಎನ್ನುವುದೇ ಅವರ ಜಗಳ. ಬಳಗದ ಲಾವಣ್ಯ ಡಿಪ್ಲೊಮಾ ಅರ್ಧಕ್ಕೆ ಬಿಟ್ಟವಳು, ಈಗ ಮುಚ್ಚಿಹೋಗಿರುವ ಕಾರ್ಖಾನೆಯೊಂದರ ಕಂಪ್ಯೂಟರುಗಳನ್ನೆಲ್ಲ ಒಬ್ಬಳೇ ನೋಡಿಕೊಂಡಿದ್ದವಳು. ಕೆಲಸ ಕೇಳಿ ಹೋದಲ್ಲೆಲ್ಲ ಸರ್ಟಿಫಿಕೇಟ್ ಎಲ್ಲಿ ಎನ್ನುತ್ತಿದ್ದರು. ತರಬೇತಿ ಕೇಂದ್ರ ನಡೆಸುವ ಪರಮಾನಂದ, ಪರೀಕ್ಷೆಯನ್ನು ನಮಗೆ ಬಿಡಿ, ಹೆಸರೂ ನಮ್ಮದೇ ಇರಲಿ ಎಂದು ದುಂಬಾಲು ಬಿದ್ದಿದ್ದ.

"ಪಾಠ ಮಾರೋನೂ ನೀನಾ, ಪಾಸ್ ಮಾಡೋನೂ ನೀನಾ?" ಎಂದು ಕರಿಬಸಪ್ಪನವರು ರೇಗಿದರು. "ಕೆಲಸ ಮಾಡೋರು, ಕೆಲಸ ಕೊಡೋರು, ಕಲಿಯೋರು ಕೂಡಿ ಕುಂತು ಮಾಡ್ಬೇಕ್ರೀ ಪರೀಕ್ಷೇನ!"

ಹಾಗೇ ವಾರಗಟ್ಟಲೆ ಕೂತು ಪ್ರಶ್ನೆ ಬರೆದರು. ಪಕ್ಕದ ಬೀದಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ನಮ್ಮ ನೆಂಟ ಹನುಮಂತರಾಯಪ್ಪ, ಪರೀಕ್ಷೆ ತನಗೆ ಒಪ್ಪಿಗೆಯಾಗಿ ಅದರಲ್ಲಿ ಪಾಸಾದರೆ ಲಾವಣ್ಯಳಿಗೆ ಕೆಲಸ ಕೊಡುತ್ತೇನೆ ಎಂದ. ಆಗಲೇ ಆದದ್ದು ಎಡವಟ್ಟು. ಬರೆದದ್ದನ್ನೆಲ್ಲ ಹತ್ತು ಜನ ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ಹರವುವುದು ಅವರ ಕಸುಬಿನ ಅಭ್ಯಾಸ. ಕರಿಬಸಪ್ಪನವರು ಪ್ರಶ್ನೆಪತ್ರಿಕೆಯನ್ನೂ ಹಾಗೇ ಹರವಿಬಿಟ್ಟಿದ್ದರು, ಉತ್ತರದ ಸಮೇತ! ಯಾರೋ ಪುಣ್ಯಾತ್ಮರು ಅದರ ತಪ್ಪುಗಳನ್ನು ಬೇರೆ ತಿದ್ದಿದ್ದರು.

ಪರೀಕ್ಷೆಯ ಬೆಳಗ್ಗೆ ಎಲ್ಲರೂ ಮಹಡಿಯಲ್ಲಿ ಸೇರಿದ್ದರು, ಹನುಮಂತರಾಯಪ್ಪನೂ ಬಂದಿದ್ದ. ಪರಮಾನಂದ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾರ್, ಪೇಪರ್ ಲೀಕ್ ಮಾಡೋರ್ನ ನೋಡಿದ್ದೆ, ಬೀದೀಲಿ ಹಂಚೋರ್ನ ಇವತ್ತೇ ನೋಡಿದ್ದು!"

ಲಾವಣ್ಯ ಬರೆಯಲು ತಂದಿದ್ದ ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು. "ಇಂಗಾಗೋಯ್ತಲ್ಲ ಸಾಮಿ," ಎಂದೆ ನಾನು. ಕರಿಬಸಪ್ಪನವರು ಒಂದು ಗಳಿಗೆ ತಲೆ ಕೆರೆದುಕೊಂಡು, ಕೋಟು ಕೊಡವಿ ಎದ್ದೇಬಿಟ್ಟರು.

"ಹನುಮಂತರಾಯಪ್ಪಾರೆ, ನಿಮ್ ವರ್ಕ್‌ಶಾಪ್ನಾಗ ಕೈಕೊಟ್ಟಿರೋ ಕಂಪ್ಯೂಟರ್ ಐತೇನ್ರೀ?"

"ಐತೆ ಕಣ್ರೀ, ಬಿಲ್ ಪ್ರಿಂಟೇ ಆಗ್ತಿಲ್ಲ. ಮೂಲೆಗಾಕಿದೀನಿ."

"ಪ್ರಿಂಟರ್ ಸಮೇತ ಹೊತ್ಕೊಂಡ್ ಬರ್ರಿ. ಅದೇ ನಮ್ ಪ್ರಶ್ನೆಪತ್ರಿಕೆ!"

ಬಂತು. ಅದೂ ಮುಕ್ತ ತಂತ್ರಾಂಶದಲ್ಲೇ ನಡೆಯುವಂಥದು. ಕಪ್ಪು ಪರದೆಯ ಮೇಲೆ ಬಿಳಿಯ ಸಾಲುಗಳು ಓಡಿದವು. ಲಾವಣ್ಯ ಓದಿದಳು, ತಡವರಿಸಿದಳು, ಕೊನೆಗೆ ತನಗೆ ತಿಳಿಯದ್ದನ್ನು ಆ ಕಸುಬಿನವರೆಲ್ಲ ನೋಡುವ ಚರ್ಚೆಯ ಪುಟದಲ್ಲಿ ಬರೆದು ಕೇಳಿಬಿಟ್ಟಳು.

"ಕಾಪಿ! ಕಾಪಿ ಹೊಡೀತಾವ್ಳೆ!" ಪರಮಾನಂದ ಕೂಗಿದ.

"ಸುಮ್ಕಿರಯ್ಯ," ಎಂದ ಹನುಮಂತರಾಯಪ್ಪ. "ಕೆಲ್ಸ ನಿಂತೋದಾಗ ಗೊತ್ತಿಲ್ದಿದ್ರೂ ಬಾಯ್ಮುಚ್ಕೊಂಡ್ ಕೂರೋರು ನಂಗ್ಯಾಕೆ?"

ಕರಿಬಸಪ್ಪನವರು ಕುಣಿಯುವುದೊಂದು ಬಾಕಿ. "ಕೇಳೋದಕ್ಕೂ ಮಾರ್ಕ್ಸ್ ಐತ್ರೀ! ಏನೇನ್ ಮಾಡಿ ನೋಡೀನಿ ಅಂತ ಎಷ್ಟು ಚೊಕ್ಕ ಬರ್ದಾಳ, ಓದ್ರಿ!"

ಉತ್ತರ ಬಂತು. ಅವಳು ಅದನ್ನು ಹಾಗೇ ನಂಬಲಿಲ್ಲ. ಕಂಪ್ಯೂಟರಿನ ಬರಹದ ಬೇರೊಂದು ಪ್ರತಿಯ ಮೇಲೆ ಮಾಡಿ ನೋಡಿ, ಆ ಉತ್ತರದಲ್ಲಿದ್ದ ತಪ್ಪನ್ನು ತಾನೇ ಹಿಡಿದು, ಸರಿಮಾಡಿದ್ದನ್ನು ಅದೇ ಪುಟಕ್ಕೆ ಎಲ್ಲರಿಗಾಗಿ ಹಾಕಿದಳು. ಪ್ರಿಂಟರು ಗರಗರ ಎಂದು ಬಿಲ್ಲನ್ನು ಉಗುಳಿದಾಗ ನಾನು ಲೋಟ ಹಿಡಿದಿದ್ದುದನ್ನೂ ಮರೆತು ಚಪ್ಪಾಳೆ ತಟ್ಟಲು ಹೋಗಿ ಸೀರೆಗೆಲ್ಲ ಕಾಫಿ ಚೆಲ್ಲಿಕೊಂಡೆ.

"ನಾಳೆಯಿಂದಾನೇ ಬಾರಮ್ಮ," ಎಂದ ಹನುಮಂತರಾಯಪ್ಪ, ಲಾವಣ್ಯಳ ಕಡೆ ತಿರುಗಿ.

ಪರೀಕ್ಷೆ ಬಳಗದ ಕೈಯಲ್ಲೇ ಉಳಿಯಿತು. ಇಂಥ ಜನ ಸುಲಭದವರಲ್ಲ. ಮಾಡಿಟ್ಟದ್ದನ್ನು ಬಿಚ್ಚುತ್ತಾರೆ, ಊರಿಗೆಲ್ಲ ತೋರಿಸುತ್ತಾರೆ, ನಗೆಪಾಟಲಾಗುತ್ತಾರೆ, ಮತ್ತೆ ಜೋಡಿಸಲು ಕೂರುತ್ತಾರೆ. ಒಡನಾಡುವವರ ತಾಳ್ಮೆ ಸವೆಯುತ್ತದೆ. ಆದರೂ ತಮ್ಮ ತಪ್ಪನ್ನು ಎಲ್ಲರ ಕಣ್ಣೆದುರು ಇಡಲು ಅಂಜದವರಿಗೇ ಇನ್ನೊಬ್ಬರನ್ನು ಅಳೆಯುವ ಅಧಿಕಾರ ಸಲ್ಲಬೇಕೆಂದು ನನಗೆ ಅನ್ನಿಸುತ್ತದೆ.