ಬಿಯರ್ ಪಾರ್ಟಿಗೆ ಅಪ್ಪನನ್ನು ಮಾತ್ರ ಕರೆತರಬೇಡಿ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ತಿಪಟೂರಿನಿಂದ ಶುರು ಮಾಡಿದರೆ ತೆಂಗಿನಮರ ಎಲ್ಲಿ ಅಂತೀರಿ. ಬಿಯರಿನಿಂದ ಶುರು ಮಾಡಿದರೆ ನನ್ನ ಹೆಂಡತಿ ಓದುವುದಿಲ್ಲ. ಹಾಗಾಗಿ ಗೋಡೌನಿನಿಂದ ಶುರು ಮಾಡುತ್ತೇನೆ. ಗೋಡೌನಿನ ಬಗ್ಗೆ ಯಾರ ತಕರಾರೂ ಇರಲಾರದು.

ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯನವರ ಖಾಲಿ ಗೋಡೌನು ಅದು. ಅವರ ಮಗಳು ಗಾನವಿ ಸುಟ್ಟ ಕೊಬ್ಬರಿ ಹಾಕಿ ಒಂದು ಕ್ರಾಫ್ಟ್ ಬಿಯರ್ ಮಾಡಿದ್ದಾಳೆ. ಇವತ್ತು ಸಂಜೆ ಅದರ ಬಿಡುಗಡೆ. (ಲೈಸೆನ್ಸ್ ಇದೆಯಾ ಅನ್ನಬೇಡಿ. ಕಥೆ ಅಬಕಾರಿ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.) ಥೀಮು ಹಳೇ ವಿಡಿಯೋ ಗೇಮು. ಗೋಡೆಯುದ್ದಕ್ಕೂ ಹಳೇ ಗೇಮ್ ಮಷಿನ್‌ಗಳು ಟುಯ್ ಟುಯ್ ಅನ್ನುತ್ತಿವೆ. ಅಪ್ಪನಿಗೆ ಅವಳು ಹೇಳಿರುವುದು 'ಗೇಮ್ ಎಕ್ಸಿಬಿಷನ್' ಅಂತ ಮಾತ್ರ. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವರು, ಕೆಮ್ಮಿನ ಸಿರಪ್ಪನ್ನೂ ಲೇಬಲ್ ಓದಿಯೇ ಕುಡಿಯುವವರು ಅವರು.

೨

"ಪಿಕ್ಸೆಲ್‌ಗಳ ಬೆಳಕಲ್ಲಿ ಮಿಂದ ಆ ಸಂಜೆ ಅಸ್ತಿತ್ವದ ಶೂನ್ಯವನ್ನು…"

ಥೂ. ಶೂನ್ಯ ಅಂತ ಬರೆಯುವಾಗ ನನ್ನ ಕೈಯಲ್ಲಿ ಬೋಂಡ ಇತ್ತು. ಹರಿದು ಹಾಕಿದೆ.

೨ (ಮತ್ತೆ)

ನಮ್ಮ ಕಡೆಯ ಗಂಡಸರಿಗೆ ಕುಡಿಯಲು ಬರುತ್ತದೆ, ಕುಡಿಯುವುದನ್ನು ತೋರಿಸಿಕೊಳ್ಳಲು ಬರುವುದಿಲ್ಲ. ಗಾನವಿಯ ಸೋದರಮಾವ ಬಸವರಾಜಪ್ಪ, ರಿಟೈರ್ಡ್ ಹೆಡ್‌ಮಾಸ್ಟರು, ಗ್ಲಾಸಿನ ಮೇಲೆ ಟವೆಲ್ ಹೊದಿಸಿ ಒಂದು ಮಷಿನ್ ಮುಂದೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರ ಪಕ್ಕ ಇನ್ನೊಬ್ಬರು, ಅವರ ಪಕ್ಕ ಮತ್ತೊಬ್ಬರು. ಮಷಿನ್ ಒಳಗಿನ ಪುಟ್ಟ ಬೊಂಬೆಗಳು ಆಡಿಸುವವರಿಲ್ಲದೆ ಹಳ್ಳಕ್ಕೆ ಬಿದ್ದು ಸಾಯುತ್ತಿದ್ದವು.

"ರೆಟ್ರೋ ಥೀಮು ಚೆನ್ನಾಗಿದೆ. ನಾಸ್ಟಾಲ್ಜಿಯಾ ಅಲ್ವಾ?" ಅಂತ ಗಾನವಿಯನ್ನು ಕೇಳಿದೆ.

"ಎಂಥ ನಾಸ್ಟಾಲ್ಜಿಯಾ ಬುಡಿ ಸಾರ್. ಮಷಿನ್ ಮುಂದೆ ನಿಂತ್ರೆ ಮುಖ ಗೋಡೆಗೆ, ಬೆನ್ನು ಊರಿಗೆ. ನಮ್ಮೂರೋರು ನೆಮ್ಮದಿಯಾಗಿ ಕುಡೀತಾರೆ."

ಇಷ್ಟು ಬುದ್ಧಿವಂತ ಪಾತ್ರವನ್ನು ಕಟ್ಟಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

೪

(ಮೂರು ಇಲ್ಲ. ಮೂರರಲ್ಲಿ ನಾನು ಕುಡಿಯುತ್ತಿದ್ದೆ.)

ಈಗ ತೊಂದರೆ ಏನೆಂದರೆ, ಕಥೆಯಲ್ಲಿ ತೊಂದರೆಯೇ ಇಲ್ಲ. ಎಲ್ಲರೂ ಗೋಡೆ ನೋಡುತ್ತಾ ಖುಷಿಯಾಗಿದ್ದಾರೆ. ಒಂದು ಗಲಾಟೆ ಬೇಡವೇ? ಅಪ್ಪನನ್ನು ಕರೆಸೋಣ ಅಂತ ಪೆನ್ನೆತ್ತಿದ್ದೇ ತಡ, ಗಾನವಿ ಟ್ರೇ ಕೆಳಗಿಟ್ಟು ನೇರ ನನ್ನ ಹತ್ತಿರ ಬಂದಳು.

"ಅಪ್ಪಾಜೀನ ಕರ್ಕಂಬತ್ತಿದ್ದೀರಾ?"

"ಕಥೆಗೆ ಬೇಕಲ್ಲಮ್ಮ."

"ನಿಮ್ಗೆ ಇದು ಒಂದು ಸೀನು ಕಣ್ರೀ. ನಾವಿಬ್ರೂ ನಾಳೆ ಬೆಳಿಗ್ಗೆ ಒಟ್ಟಿಗೆ ಕೂತು ತಿಂಡಿ ತಿನ್ಬೇಕು. ಇಷ್ಟು ಜನದ ಮುಂದೆ ಅವ್ರ ತಲೆ ತಗ್ಗಿಸ್ಬ್ಯಾಡಿ. ಏನ್ ಬೇಕಾದ್ರೂ ಬರ್ಕಳಿ, ಅವ್ರನ್ನ ಮಾತ್ರ ಕರ್ಕಂಬರ್ಬ್ಯಾಡಿ. ನಾನೇ ಹೇಳ್ತೀನಿ."

"ಯಾವಾಗ?"

ಅವಳು ಕೆಳಗಿಟ್ಟಿದ್ದ ಟ್ರೇ ಮತ್ತೆ ಎತ್ತಿಕೊಂಡಳು. ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಮುಂದಿನ ಪ್ಯಾರಾದಲ್ಲಿ ಅವರು ಆಗಲೇ ಬಾಗಿಲಿಗೆ ಬಂದುಬಿಟ್ಟಿದ್ದರು.

೫

ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಇಡೀ ಗೋಡೌನು ಗೋಡೆ ನೋಡುತ್ತಿದ್ದರಿಂದ ಮಲ್ಲಿಕಾರ್ಜುನಯ್ಯ ಬಂದದ್ದು ಯಾರಿಗೂ ಕಾಣಲಿಲ್ಲ, ನನ್ನನ್ನೂ ಗಾನವಿಯನ್ನೂ ಬಿಟ್ಟರೆ.

ಅಂತ್ಯ ಒಂದು: ಅಪ್ಪ ಮಗಳ ಕೆನ್ನೆಗೆ ಬಾರಿಸುತ್ತಾರೆ.

"ಯಾವತ್ತೂ ಮಗಳ ಮ್ಯಾಲೆ ಕೈ ಎತ್ತಿದೋನಲ್ಲ ಕಣ್ರೀ ನಾನು. ನಿಮ್ ಕಥೆಗೋಸ್ಕರ ಎತ್ಲಾ?" ಅಂದರು. ಹೊಡೆದುಹಾಕಿದೆ, ವಾಕ್ಯವನ್ನು.

ಅಂತ್ಯ ಎರಡು: ಒಂದು ಗುಟುಕು ಕುಡಿದು, ಕಣ್ಣೀರು ಹಾಕಿ, ಮಗಳನ್ನು ತಬ್ಬಿಕೊಳ್ಳುತ್ತಾರೆ.

"ಜಾಹೀರಾತಾ ಸಾರ್ ಇದು?" ಅಂದಳು ಗಾನವಿ.

ಮೂರನೆಯದನ್ನು ನಾನು ಬರೆಯಲಿಲ್ಲ, ಅದು ನಡೆಯಿತು. ಮಲ್ಲಿಕಾರ್ಜುನಯ್ಯ ತಾವೇ ಮೇಜಿನಿಂದ ಒಂದು ಗ್ಲಾಸು ಎತ್ತಿಕೊಂಡರು. ಮೂಗಿಗಲ್ಲ, ಬಾಯಿಗಲ್ಲ, ಕಿವಿಗೆ ಹಿಡಿದರು. ವರ್ಷವಿಡೀ ಅಟ್ಟದ ಮೇಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವ ಕಿವಿ ಅದು. ಹಾಗೇ ಗ್ಲಾಸನ್ನೂ ಅಲ್ಲಾಡಿಸಿದರು. ನೊರೆ ತೋಳಿಗಿಳಿಯಿತು. ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಇನ್ನೂ ಹಸಿ ಐತೆ ಕಣಮ್ಮ," ಅಂದರು ಮೆಲ್ಲಗೆ. "ಅವಸರ ಮಾಡ್ಬುಟ್ಟೆ."

"ಅಪ್ಪಾಜಿ, ಅದು ಏನು ಅಂದ್ರೆ…"

"ಗೊತ್ತು ಬುಡು. ನನ್ ಗೋಡೌನ್ ವಾಸ್ನೆ ನಂಗೊತ್ತಾಗಕಿಲ್ವಾ? ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಗಾನವಿಯ ಕಣ್ಣು ತುಂಬಿತು. ಗ್ಲಾಸು ಇನ್ನೂ ಅವರ ಕೈಯಲ್ಲೇ ಇತ್ತು. ಕೆಳಗಿಡುತ್ತಾರೋ, ತುಟಿಗಿಡುತ್ತಾರೋ? ನಾನು ಪೆನ್ನು ಹಿಡಿದು ಮುಂದೆ ಬಗ್ಗಿದೆ. ಅವಳು ನನ್ನನ್ನು ನೋಡಿದಳು.

"ಸಾರ್, ನೀವು ಆಚೆ ನಡೀರಿ. ಇದು ನಮ್ಮನೆ ವಿಷ್ಯ."

ತೋಳು ಹಿಡಿದು ಹೊರಗೆ ಬಿಟ್ಟು, ದಡಾರನೆ ಶಟರ್ ಎಳೆದಳು.

೬

ಈಗ ನಾನು ರಸ್ತೆಯಲ್ಲಿದ್ದೇನೆ. ಒಳಗೆ ಯಾರೋ ಕೆಮ್ಮಿದರು, ಇಲ್ಲವೇ ನಕ್ಕರು. ಕುಡಿದರಾ ಅಂತ ನೀವು ಕೇಳುತ್ತೀರಿ. ನನಗೂ ಅದೇ ಬೇಕು ಮಾರಾಯರೇ! ಶಟರ್ ಬಡಿದೆ.

"ನಾನು ಈ ಕಥೆ ಬರೀತಿರೋನು ಕಣಮ್ಮ, ಬಾಗಿಲು ತೆಗಿ!"

ಒಳಗಿಂದ ಬಸವರಾಜಪ್ಪನವರ ದನಿ ಬಂತು: "ಕೂಗ್ಬ್ಯಾಡಿ ಕಣ್ರೀ, ಯಾರಾದ್ರೂ ನೋಡಿದ್ರೆ ಏನಂದ್ಕಂಡಾರು? ಗೋಡೆ ಕಡೆ ತಿರುಕ್ಕಂಡು ನಿಂತ್ಕಳಿ."

ನಾನು ಆಗಲೇ ಹಾಗೆ ನಿಂತಿದ್ದೆ.