ಲಾಲಮ್ಮನ ಪಾಳಿ

ಬ್ಲೇಡು ನಿಂತ ಮೇಲೂ ಅದರ ಕಿರುಚಾಟ ಒಂದಿಷ್ಟು ಹೊತ್ತು ಶೆಡ್ಡಿನ ತಗಡಿಗೆ ಅಂಟಿಕೊಂಡಿತ್ತು. ಅರ್ಧ ಕೊಯ್ದ ಕಲ್ಲಿನ ಮೇಲಿಂದ ಬಿಳಿ ರಾಡಿ ನೀರು ಇಳಿದು ಇಳಿದು ತೆಳ್ಳಗಾಯಿತು. ಹಾಜಿಮಲಂಗ್ ಬೋಲ್ಟು ಬಿಚ್ಚುವ ಪಾನಾ ಹಿಡಿದು ಮಷೀನಿನ ಹೊಟ್ಟೆಯೊಳಗೆ ತಲೆ ತೂರಿಸಿದ. ಪಾಲಿಶ್ ಮಾಡುತ್ತಿದ್ದ ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಟ್ಟಿಯ ಸುತ್ತ ಕುಂತರು. ಬ್ಲೇಡು ನಡೆಸುವ ಸುರೇಶಕುಮಾರ ಅಟ್ಟಿಯ ಮೇಲೆ ಸ್ಪೀಕರ್ ಇಟ್ಟ.

"ಇವತ್ತ ಯಾರ ಪಾಳಿ?"

"ಲಾಲಮ್ಮಂದು," ಅಂದಳು ಹಣಮವ್ವ. "ಮತ್ತ ಅದೇ ಟಕ್ ಟಕ್."

ಯಶೋಧರಾ ಸ್ಪೀಕರಿನ ನೀಲಿ ದೀಪವನ್ನೇ ನೋಡುತ್ತಿದ್ದಳು. ರಾತ್ರಿ ಅದನ್ನು ಮನೆಗೆ ಒಯ್ದು ಚಾರ್ಜ್ ಮಾಡುವ ಸರದಿ ಅವಳದಾಗಿತ್ತು. ಮಾಡಿರಲಿಲ್ಲ. ಕಿವಿಯ ಹತ್ತಿರ ಇಟ್ಟುಕೊಂಡು ತನ್ನ ಇಂಗ್ಲಿಷ್ ರಾಕ್ ಹಾಡನ್ನೇ ಮತ್ತೆ ಮತ್ತೆ ಹಾಕಿ ನಿದ್ದೆ ಹೋಗಿದ್ದಳು. ಬೆಳಿಗ್ಗೆ ನೋಡಿದರೆ ಕರೆಂಟು ಇರಲಿಲ್ಲ.

ಭಂಕೂರ ದಾರಿಯ ಆ ಶೆಡ್ಡಿನಲ್ಲಿ ಸವೆದ ಬ್ಲೇಡು ಬಿಚ್ಚಿ ಹೊಸದು ಹಾಕುವ ಹೊತ್ತಿನಲ್ಲಿ ಮಾತ್ರ ಮನುಷ್ಯರ ದನಿ ಮನುಷ್ಯರಿಗೆ ಕೇಳುತ್ತಿತ್ತು. ಆ ಹೊತ್ತನ್ನು ಅವರು ಹಾಡಿಗೆ ಕೊಟ್ಟಿದ್ದರು. ಪಾಳಿ ಪ್ರಕಾರ ಒಬ್ಬೊಬ್ಬರ ಹಾಡು. ಹಾಡು ನಡೆದಾಗ ಯಾರೂ ಮಾತಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಯಾರ ಹಾಡೋ ಅವರು "ಮುಗೀತು" ಅನ್ನಬೇಕು. ಆಮೇಲೆ ಎಷ್ಟು ಬೇಕಾದರೂ ಆಡಿಕೊಳ್ಳಬಹುದು. ಯಶೋಧರಾ ಮೊದಲ ಸಲ ತನ್ನ ರಾಕ್ ಹಾಡು ಹಾಕಿದಾಗ ಹಾಜಿಮಲಂಗ್ ಕೊನೆಯ ತನಕ ಬಾಯಿ ಬಿಗಿಹಿಡಿದು ಕುಂತು, ಅವಳು "ಮುಗೀತು" ಅಂದ ಕೂಡಲೇ, "ಬೇಟಾ, ಇವ್ನಿಗಿ ಏನ್ ಕಡದದ? ಚೇಳಾ?" ಅಂದಿದ್ದ. ಶೆಡ್ಡೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು. ಆದರೆ ಆ ಹಾಡಿನವನು ಒದರುವಾಗ ಅವಳಿಗೆ ಎದೆ ಹಗುರಾಗುತ್ತಿತ್ತು. ಬಿ.ಎ. ಮುಗಿಸಿ ಈ ರಾಡಿಯಲ್ಲಿ ನಿಂತವಳು ಯಾರ ಮುಂದೆ ಒದರಬೇಕು? ಒದರಿದರೂ ಈ ಬ್ಲೇಡಿನ ಮುಂದೆ ಯಾರಿಗೆ ಕೇಳಬೇಕು? ತನ್ನ ಬದಲು ಅವನಾದರೂ ಒದರಲಿ.

ಇವರು ಕೊಯ್ದು ತಿಕ್ಕಿದ ಫರಸಿ ಎಲ್ಲೆಲ್ಲೋ ಹೋಗಿ ಯಾರ್ಯಾರದೋ ಮನೆಯಲ್ಲಿ ಹೊಳೆಯುತ್ತದೆ. ಅದರ ಸದ್ದು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಇವರ ತಲೆಯೊಳಗೇ ಮನೆ ಮಾಡುತ್ತದೆ.

ಲಾಲಮ್ಮ ಯಶೋಧರಾಳಿಗೆ ಸೋದರತ್ತೆ. ಈ ಕೆಲಸಕ್ಕೆ ಬಂದಾಗ ಅವಳ ಕೂದಲು ಕಪ್ಪಿತ್ತು. ಹೋದ ವಾರ ಸರಪಳಿಗೆ ತೂಗುಹಾಕಿದ ಕಲ್ಲು ಅವಳ ಬೆನ್ನ ಹಿಂದೆ ಜಾರಿದಾಗ ಎಲ್ಲರೂ "ಬಾಜೂ ಸರಿ, ಸರಿ" ಅಂತ ಚೀರಿದ್ದರು. ಅವಳು ತಿರುಗಲಿಲ್ಲ. ಹಾಜಿಮಲಂಗ್ ರಟ್ಟೆ ಹಿಡಿದು ಎಳೆದಿದ್ದ. ಆಫೀಸಿನ ಕಿಟಕಿಯಲ್ಲಿ ನಿಂತು ನೋಡಿದ ಮಾಲೀಕ ಹಣಮಂತರಾಯನ ಮುಖದ ಬಣ್ಣ ಇಳಿದುಹೋಗಿತ್ತು. ಮರುದಿನ ಅವನು ಫೋನಿನಲ್ಲಿ ಯಾರಿಗೋ ಹೇಳಿದ್ದು ಸುರೇಶಕುಮಾರನ ಕಿವಿಗೆ ಬಿದ್ದಿತ್ತು: "ಇಕಿ ಕಿವಿ ಹೋಗ್ಯಾವ. ಒಂದ್ಸಲ ಖಾತ್ರಿ ಮಾಡ್ಕೊಂಡು ಮನಿಗಿ ಕಳಸ್ತೀನಿ."

ಕಳಿಸಿದರೆ ಎಲ್ಲಿಗೆ? ಗಂಡ ಇಲ್ಲ. ಬೇರೆ ಶೆಡ್ಡಿನವರು ಕಿವುಡಿಯನ್ನು ತಗೊಳ್ಳುವುದಿಲ್ಲ. ಅಂದಿನಿಂದ ಯಶೋಧರಾ ಕೆಲಸದಲ್ಲಿ ಅತ್ತೆಯ ಎದುರಿಗೇ ನಿಲ್ಲುತ್ತಿದ್ದಳು. ಅತ್ತೆಯನ್ನು ಯಾರಾದರೂ ಕರೆದರೆ ಆ ಕಡೆ ಕಣ್ಣು ಎತ್ತಿ ತೋರಿಸುತ್ತಿದ್ದಳು.

"ಸದ್ದು ತಡೀಲಿಕ್ಕೆ ಕಿವಿಗಿ ಹಾಕ್ಕೊಳ್ಳೋದು ಕೊಡ್ರಿ ಅಂತ ಕೇಳೋಣು ಅತ್ತಿ. ಎಲ್ಲಾರೂ ಕೂಡಿ," ಅಂದಿದ್ದಳು ಒಮ್ಮೆ, ಕಿವಿಗೆ ಬಾಯಿ ಹಚ್ಚಿ.

"ಸುಮ್ನಿರವ್ವ. ಕೇಳಿದ್ರ ನನಗ ಕೇಳಸವಲ್ದು ಅಂತ ಒಪ್ಪಿದಂಗ ಆಗ್ತದ."

ಸುರೇಶಕುಮಾರ ಹಾಡು ಹಚ್ಚಿದ. ಟಕ್, ಟಕ್, ಟಕ್ಟಕ್. ಕ್ಯಾಸೆಟ್ಟಿನ ಕಾಲದ ಹಿಂದಿ ಪಾಪ್ ಹಾಡು. ಎತ್ತರದ ಚಪ್ಪಲಿಯ ಸದ್ದಿನಿಂದಲೇ ಸುರುವಾಗುತ್ತದೆ. ಹಿಂದಿನಿಂದ ಗಿಟಾರು ಬರುತ್ತದೆ. ಆಮೇಲೆ ಒಬ್ಬಳು ಹುಡುಗಿ, ತಾನು ಕಾಲಿಟ್ಟಲ್ಲೆಲ್ಲ ರಸ್ತೆ ಹುಟ್ಟುತ್ತದೆ ಅಂತ ಬೇಫಿಕೀರಾಗಿ ಹಾಡುತ್ತಾಳೆ.

ಲಾಲಮ್ಮ ಅದನ್ನು ಮೊದಲು ಕೇಳಿದ್ದು ವಾಡಿ ಸ್ಟೇಷನ್ನಿನ ಹೊರಗಿನ ಕ್ಯಾಸೆಟ್ ಅಂಗಡಿಯಲ್ಲಿ, ಮದುವೆಯಾದ ಹೊಸತು, ಸನ್ನತಿ ಕಡೆಯ ತವರಿಗೆ ಹೊರಟಾಗ. ಆ ಊರಲ್ಲಿ ಅವರ ಕೇರಿಯ ಹೆಂಗಸರು ಗೌಡರ ಓಣಿ ಬಂದರೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದರು. ಅವತ್ತು ಅವಳು ಬಿಚ್ಚಲಿಲ್ಲ.

"ಹೆದರಿಕಿ ಆಗ್ಲಿಲ್ಲೇನು ಅತ್ತಿ?" ಅಂತ ಯಶೋಧರಾ ಒಮ್ಮೆ ಕೇಳಿದ್ದಳು.

"ತೆಲಿಯಾಗ ಹಾಡು ನಡದಿತ್ತವ್ವ. ಕಾಲು ಅದರ ಹಿಂದ ಹ್ವಾದವು. ನಾ ಏನ್ ಮಾಡ್ಲಿ?"

ಅದಕ್ಕೆ ಗೌಡರ ಏಟು ಬಿದ್ದದ್ದು ಅಣ್ಣ ದೇವಿಂದ್ರಪ್ಪನಿಗೆ, ಯಶೋಧರಾಳ ಅಪ್ಪನಿಗೆ. ಅವನು ಒಡೆದ ತುಟಿ ಒರೆಸಿಕೊಂಡು, "ಮುಂದಿನ ಸಲ ಇನ್ನಾ ಎತ್ತರದ್ದು ಹಾಕ್ಕೊಂಡು ಬಾ, ತಂಗಿ" ಅಂದಿದ್ದನಂತೆ.

ಸುರೇಶಕುಮಾರನ ಸನ್ನೆ ನೋಡಿ ಲಾಲಮ್ಮ ಕಣ್ಣು ಮುಚ್ಚಿದಳು. ಚಪ್ಪಲಿ ಕಳೆದಿಟ್ಟು ಬರಿಗಾಲು ಅಲ್ಲಾಡಿಸುತ್ತ, ಹುಡುಗಿಯ ದನಿಗೆ ಸರಿಯಾಗಿ ತುಟಿ ಆಡಿಸತೊಡಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಹಣಮಂತರಾಯ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ರಾಡಿ ತಾಗದಂತೆ ಹೆಜ್ಜೆ ಆರಿಸಿಕೊಂಡು ಬಂದು ಲಾಲಮ್ಮನ ಬೆನ್ನ ಹಿಂದೆ ನಿಂತ. ಅತ್ತೆಯ ಕಾಲು ತುಳಿದು ಎಚ್ಚರಿಸೋಣವೆಂದರೆ ಅವನ ಕಣ್ಣು ಯಶೋಧರಾಳ ಮೇಲೇ ಇತ್ತು.

ಆಗ ಸ್ಪೀಕರಿನ ನೀಲಿ ದೀಪ ಒಮ್ಮೆ ಮಿಣುಕಿ ಆರಿತು. ಹಾಡು ನಿಂತುಹೋಯಿತು.

ಶೆಡ್ಡಿನಲ್ಲಿ ನೀರು ತೊಟ್ಟಿಕ್ಕುವುದು ಕೇಳಿಸಿತು. ದೂರದಲ್ಲಿ ಗೂಡ್ಸ್ ಗಾಡಿ ಕೂಗಿತು. ಲಾಲಮ್ಮನ ತುಟಿ ಆಡುತ್ತಲೇ ಇತ್ತು. ಕಾಲು ಆಡುತ್ತಲೇ ಇತ್ತು. ಆ ಹುಡುಗಿ ಅವಳೊಳಗೆ ಇನ್ನೂ ನಡೆಯುತ್ತಿದ್ದಳು.

"ಲಾಲಮ್ಮಾ," ಅಂದ ಹಣಮಂತರಾಯ, ಮೆಲ್ಲಗೆ. ಮತ್ತೆ ಸ್ವಲ್ಪ ಜೋರಾಗಿ, "ಲಾಲಮ್ಮಾ."

ಅವಳು ತಿರುಗಲಿಲ್ಲ. ಅವನು ತಲೆ ಆಡಿಸಿದ. ಆ ಮುಖದಲ್ಲಿ ಖುಷಿ ಇರಲಿಲ್ಲ, ಒಂದು ಕೆಲಸ ಮುಗಿದ ನೆಮ್ಮದಿ ಇತ್ತು.

ಟಕ್.

ಹಾಜಿಮಲಂಗನ ಪಾನಾ ಮಷೀನಿನ ಕಬ್ಬಿಣಕ್ಕೆ ಬಡಿದಿತ್ತು. ಕೈ ಜಾರಿ ಬಡಿದಿರಬೇಕು ಅಂದುಕೊಂಡಳು ಯಶೋಧರಾ. ಟಕ್, ಟಕ್ಟಕ್. ಅಲ್ಲ. ಅವನು ಒಳಗಿಂದ ತಲೆ ತೆಗೆದು, ಗಡ್ಡಕ್ಕೆ ಗ್ರೀಸು ಮೆತ್ತಿಕೊಂಡು, ತಾನೂ ಕಣ್ಣು ಮುಚ್ಚಿದ್ದ. ಸುರೇಶಕುಮಾರ ತಲೆದೂಗಿದ. ಹಣಮವ್ವ ತೊಡೆ ತಟ್ಟತೊಡಗಿದಳು. ಹಾಡೇ ಇಲ್ಲದ ಹಾಡಿಗೆ ಎಲ್ಲರೂ ತಾಳ ಹಾಕುತ್ತಿದ್ದರು. ಲಾಲಮ್ಮ ಇನ್ನೂ "ಮುಗೀತು" ಅಂದಿರಲಿಲ್ಲ.

"ಏನ್ ನಡಸೀರಿ ಇದು?" ಅಂದ ಹಣಮಂತರಾಯ. "ಹಾಡು ಬಂದ್ ಆಗ್ಯಾದಲ್ಲ?"

ತಾಳ ನಿಲ್ಲಲಿಲ್ಲ. ಅವನು ಸುತ್ತ ನೋಡಿದ. ಒಂದು ಗಳಿಗೆ ಅವನ ಕೈ ತನ್ನ ಕಿವಿಯ ಹತ್ತಿರ ಹೋಯಿತು.

ಯಶೋಧರಾ ಬಾಯಿ ಮೇಲೆ ಬೆರಳಿಟ್ಟಳು. "ಸಾವ್ಕಾರ್ರೆ, ಹಾಡಿನ ನಡಬರಕ ಮಾತಾಡಬಾರ್ದ್ರಿ. ಯಾಕ್ರಿ, ನಿಮಗ ಕೇಳಸವಲ್ದೇನು?"

ಹಣಮವ್ವನ ಮೂಗಿನಿಂದ ನಗು ಚಿಮ್ಮಿತು. ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಹಣಮಂತರಾಯನ ಕೆನ್ನೆ ಕೆಂಪಾಯಿತು.

"ನನಗ ಹುಚ್ಚ ಮಾಡ್ತೀರೇನು? ಹೋದ ವಾರ ಇಕಿ ಸಾಯ್ತಿದ್ಳು. ಏನರ ಆದ್ರ ಯಾರ ತೆಲಿಗಿ ಬರ್ತದ? ನಾಳಿ ಕಲಬುರಗಿಗಿ ಒಯ್ದು ಡಾಕ್ಟರ್ ಕಡಿಂದ ಇಕಿ ಕಿವಿ ಚೆಕ್ ಮಾಡಸ್ತೀನಿ. ಆಮ್ಯಾಲ ಮಾತೇ ಇಲ್ಲ."

ಯಶೋಧರಾ ಎದ್ದು ನಿಂತಳು. "ಮಾಡಸ್ರಿ. ಇಕಿದೊಂದೇ ಯಾಕ? ಎಲ್ಲಾರ್ದೂ ಮಾಡಸ್ರಿ. ಮೊದ್ಲ ನಂದು ಮಾಡಸ್ರಿ." ಮುಂದಿನ ಮಾತು ಅವಳು ಯಾರಿಗೂ ಹೇಳಿರಲಿಲ್ಲ, ಅತ್ತೆಗೂ. "ಮಷೀನ್ ಬಂದ್ ಆದ್ರೂ ನನ್ನ ಕಿವ್ಯಾಗ ಸೀಟಿ ಹೊಡ್ಯಾದು ಬಂದ್ ಆಗವಲ್ದು. ಅದನ್ನ ಮುಚ್ಚಲಿಕ್ಕೇ ರಾತ್ರೆಲ್ಲ ಹಾಡು ಹಚ್ಚೀನಿ. ಬ್ಯಾಟರಿ ಸತ್ತಿದ್ದು ಅದಕ್ಕೇ."

ಪಾನಾ ಬಡಿಯುವುದನ್ನು ಬಿಡದೆ ಹಾಜಿಮಲಂಗ್ ಅಂದ, "ನಂದು ಎಡಗಿವಿ ಹೋಗಿ ಭಾಳ ದಿನ ಆಯ್ತ್ರಿ ಮಾಲಕ್. ಬೀವಿ ಬೈಯ್ಯೋದು ಅರ್ಧಾನೇ ಕೇಳ್ತದ. ಆರಾಮ್ ಅದ."

"ನನಗ ಫೋನ್ ಹಚ್ಚಿದ್ರ ಬರೇ ಗುಯ್ಯ್ ಅಂತದ್ರಿ," ಅಂದ ಸುರೇಶಕುಮಾರ, ನೆಲ ನೋಡುತ್ತ.

"ಎಲ್ಲಾರ್ದೂ ಬರಸ್ಕೊಂಡು ಬರ್ರಿ," ಅಂದಳು ಯಶೋಧರಾ. "ಯಾರ್ದು ಎಷ್ಟ್ ಹೋಗ್ಯಾವ, ಯಾವ ಮಷೀನಿಗಿ ಹೋಗ್ಯಾವ. ಡಾಕ್ಟರ್ ಸಹಿ ಹಾಕಿ ಕೊಡ್ಲಿ. ಆ ಕಾಗದ ಹಿಡಕೊಂಡು ನಾವೂ ಎಲ್ಲಿ ಹೋಗಬೇಕೋ ಅಲ್ಲಿ ಹೋಗ್ತೀವಿ."

ಡಾಕ್ಟರ್ ಸಹಿ ಅಂದಾಗ ಹಣಮಂತರಾಯನ ಕಣ್ಣು ಅಟ್ಟಿಯ ಸುತ್ತ ಕುಂತ ಒಬ್ಬೊಬ್ಬರ ತಲೆ ಎಣಿಸುತ್ತ ಹಾದುಹೋಯಿತು.

"ಜಲ್ದಿ ಬ್ಲೇಡ್ ಹಾಕ್ರಿ," ಅಂದ ಕೊನೆಗೆ. ಬಾಗಿಲಲ್ಲಿ ತಿರುಗಿ, "ಸಂಜೀಕ ಇಕಿನ್ನ ಆಫೀಸಿಗಿ ಕಳಸ್ರಿ."

"ಎಲ್ಲಾರೂ ಬರ್ತೀವ್ರಿ," ಅಂದಳು ಯಶೋಧರಾ.

ಅವನು ಈಗ ರಾಡಿ ನೋಡದೆ ಕಾಲಿಟ್ಟು ಹೋದ.

ಲಾಲಮ್ಮ ಕಣ್ಣು ತೆರೆದಳು. ಅವಳ ಮುಖದಲ್ಲಿ ಹಾಡು ಮುಗಿಸಿದವರ ಬೆವರು ಇತ್ತು. ಮೊದಲು ಸ್ಪೀಕರ್ ನೋಡಿದಳು. ದೀಪ ಇರಲಿಲ್ಲ. ಹಾಜಿಮಲಂಗನ ಕೈಯ ಪಾನಾ ಇನ್ನೂ ಗಾಳಿಯಲ್ಲಿತ್ತು. ಹಣಮವ್ವನ ಅಂಗೈ ತೊಡೆಯ ಮೇಲಿತ್ತು. ಬಾಗಿಲ ಹೊರಗೆ ಬಿಳಿ ಅಂಗಿಯ ಬೆನ್ನು ಆಫೀಸಿನ ಕಡೆ ಹೋಗುತ್ತಿತ್ತು. ಅವಳು ಮತ್ತೆ ಸ್ಪೀಕರ್ ನೋಡಿದಳು, ಬಹಳ ಹೊತ್ತು.

"ಮುಗೀತು," ಅಂದಳು.

ಯಾರೂ ಆಡಿಕೊಳ್ಳಲಿಲ್ಲ.

ಯಶೋಧರಾ ಅವಳ ಕಿವಿಗೆ ಬಾಯಿ ಹಚ್ಚಿ, ಕೈಯಿಂದಲೂ ತೋರಿಸಿ, "ಸಂಜೀಕ ಆಫೀಸಿಗಿ ಕರದಾನ ಅತ್ತಿ. ಎಲ್ಲಾರೂ ಹೋಗೋದು ಅದ," ಅಂದಳು.

"ನನ್ನ ಹಾಡಿನ ನಡಬರಕ ಮಾತಾಡಿದ್ನಾ ಅವ?"

"ಹೂಂ."

"ಲಿಹಾಜ್ ಇಲ್ಲದವ, ಮರ್ಯಾದಿ ತಿಳೀದವ," ಅಂದಳು ಲಾಲಮ್ಮ. ಬಗ್ಗಿ ಅಟ್ಟಿಯ ಕೆಳಗೆ ಕೈಯಾಡಿಸಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು.

ಹಾಜಿಮಲಂಗ್ ಬೆರಳೆತ್ತಿದ. ಸುರೇಶಕುಮಾರ ಸ್ವಿಚ್ಚು ಒತ್ತಿದ. ಹೊಸ ಬ್ಲೇಡು ಕಲ್ಲಿಗೆ ಕಚ್ಚಿದ್ದೇ ತಡ, ಶೆಡ್ಡಿನಲ್ಲಿ ಬೇರೆ ಯಾವ ಸದ್ದಿಗೂ ಜಾಗ ಉಳಿಯಲಿಲ್ಲ. ಯಶೋಧರಾ ತನ್ನ ಕಲ್ಲಿನ ಮುಂದೆ ನಿಂತು ತಲೆ ತಗ್ಗಿಸಿದಾಗ ಎದುರಿನ ಕಲ್ಲಿನ ಕೆಳಗೆ ಅತ್ತೆಯ ಕಾಲು ಕಾಣಿಸಿತು. ಪಕ್ಕದಲ್ಲಿ ಹಣಮವ್ವನ ಬರಿಗಾಲು. ಎರಡೂ ಏಳುತ್ತಿದ್ದವು, ಬೀಳುತ್ತಿದ್ದವು. ಏನೂ ಕೇಳಿಸುತ್ತಿರಲಿಲ್ಲ. ಹಿಮ್ಮಡಿ ಊರಿದಾಗೊಮ್ಮೆ ಬಿಳಿ ರಾಡಿ ನೀರು ಚಿಮ್ಮುತ್ತಿತ್ತು, ಒಮ್ಮೆ, ಮತ್ತೊಮ್ಮೆ, ಆಮೇಲೆ ಜೋಡಿಯಾಗಿ ಎರಡು ಸಲ.